ಫಿಟ್ಸ್ ಬರಲಿ ಅಂತ ಡಾಕ್ಟರು ಕಾಯುವುದೇಕೆ?

ಓದುಗರೊಬ್ಬರ ಪತ್ರ: “ನನ್ನ ತಮ್ಮನಿಗೆ ಹತ್ತು ವರ್ಷದಿಂದ ಫಿಟ್ಸ್. ಮಾತ್ರೆ ಬದಲಿಸಿದರೂ ನಿಂತಿಲ್ಲ. ಎಂಆರ್‌ಐ ನಾರ್ಮಲ್. ಈಗ ಪೆಟ್, ಸ್ಪೆಕ್ಟ್ ಅಂತ ಎರಡು ನ್ಯೂಕ್ಲಿಯರ್ ಸ್ಕ್ಯಾನ್ ಮಾಡಿಸಬೇಕಂತೆ. ಒಂದಕ್ಕೆ ಆಸ್ಪತ್ರೆಯಲ್ಲೇ ಫಿಟ್ಸ್ ಬರುವ ತನಕ ಕಾಯುತ್ತಾರಂತೆ! ಎಂಆರ್‌ಐಗೆ ಕಾಣದ್ದು ಇವಕ್ಕೆ ಹೇಗೆ ಕಾಣುತ್ತದೆ? ವಿಕಿರಣದಿಂದ ತೊಂದರೆ ಇಲ್ವಾ?”

ನಿಮ್ಮ ಪತ್ರದಲ್ಲಿ ಇರುವುದು ಒಂದೇ ಆಶ್ಚರ್ಯಸೂಚಕ ಚಿಹ್ನೆ. ಅಲ್ಲಿಂದಲೇ ಶುರು ಮಾಡುತ್ತೇನೆ.

ಫಿಟ್ಸ್ ಮಿದುಳಿನ ಯಾವ ಜಾಗದಿಂದ ಹೊರಡುತ್ತದೋ ಅಲ್ಲಿಗೆ ಆ ಹೊತ್ತಿನಲ್ಲಿ ರಕ್ತ ಜಾಸ್ತಿ ನುಗ್ಗುತ್ತದೆ. ಸ್ಪೆಕ್ಟ್ ಹಿಡಿಯುವುದು ಅದನ್ನೇ. ಆದರೆ ಒದ್ದಾಡುತ್ತಿರುವವರನ್ನು ಯಂತ್ರದಡಿ ಮಲಗಿಸಲು ಆಗುತ್ತದೆಯೇ? ಅದಕ್ಕೊಂದು ಉಪಾಯವಿದೆ. ವಿಕಿರಣ ಸೂಸುವ ಟೆಕ್ನೀಷಿಯಂ-99ಎಂ ಸೇರಿಸಿದ ಮದ್ದನ್ನು ಸಿರಿಂಜಿಗೆ ತುಂಬಿ ಹಾಸಿಗೆಯ ಹತ್ತಿರವೇ ಇಟ್ಟುಕೊಂಡಿರುತ್ತಾರೆ. ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿ, ವಿಡಿಯೊ ಎರಡೂ ನಡೆಯುತ್ತಿರುತ್ತವೆ. ಫಿಟ್ಸ್ ಶುರುವಾದ ಕೆಲವೇ ಸೆಕೆಂಡಿನಲ್ಲಿ ಮದ್ದು ಕೊಟ್ಟುಬಿಡುತ್ತಾರೆ. ಅದು ಮಿದುಳಿಗೆ ಹೋಗಿ ಒಂದೆರಡು ನಿಮಿಷದಲ್ಲಿ ಅಲ್ಲೇ ಸಿಕ್ಕಿಹಾಕಿಕೊಳ್ಳುತ್ತದೆ. ಆಮೇಲೆ ಹೆಚ್ಚುಕಡಿಮೆ ಕದಲುವುದೇ ಇಲ್ಲ. ತಮ್ಮ ಸುಧಾರಿಸಿಕೊಂಡ ಮೇಲೆ ಸಾವಕಾಶವಾಗಿ ಸ್ಕ್ಯಾನ್ ಮಾಡಿದರೂ ಕಾಣುವುದು ಮದ್ದು ಕೊಟ್ಟ ಗಳಿಗೆಯ ಮಿದುಳು. ನನಗಂತೂ ಇದು ಬಲು ಜಾಣ ಉಪಾಯ ಅನಿಸುತ್ತದೆ.

ಮದ್ದು ಕೊಡುವುದು ತಡವಾದರೆ ಮಾತ್ರ ಕೆಟ್ಟಿತು. ಅಷ್ಟರಲ್ಲಿ ಫಿಟ್ಸ್ ಬೇರೆ ಕಡೆಗೆ ಹರಡಿ, ಚಿತ್ರ ದಾರಿ ತಪ್ಪಿಸಬಹುದು. ಫಿಟ್ಸ್ ಇಲ್ಲದಾಗಲೂ ಒಮ್ಮೆ ಸ್ಕ್ಯಾನ್ ಮಾಡಿ, ಫಿಟ್ಸ್ ಹೊತ್ತಿನ ಚಿತ್ರದಿಂದ ಅದನ್ನು ಕಳೆದು, ಉಳಿದದ್ದನ್ನು ಎಂಆರ್‌ಐ ಚಿತ್ರದ ಮೇಲೆ ಕೂರಿಸಿ ನೋಡುವುದೂ ಉಂಟು.

ಪೆಟ್ ಇದಕ್ಕೆ ಉಲ್ಟಾ. ಅದನ್ನು ಫಿಟ್ಸ್ ಇಲ್ಲದ ಹೊತ್ತಿನಲ್ಲಿ ಮಾಡುತ್ತಾರೆ. ತೂಕದಲ್ಲಿ ಮಿದುಳು ಮೈಯ ಶೇ. 2ರಷ್ಟು, ಖರ್ಚು ಮಾಡುವುದು ಶೇ. 20ರಷ್ಟು ಶಕ್ತಿ. ಹಾಗಾಗಿ ವಿಕಿರಣ ಸೂಸುವ ಫ್ಲೋರಿನ್-18 ಅಂಟಿಸಿದ ಗ್ಲೂಕೋಸ್ ಕೊಟ್ಟರೆ ಯಾವ ಭಾಗ ಎಷ್ಟು ಬಳಸಿಕೊಂಡಿತು ಅಂತ ತಿಳಿಯುತ್ತದೆ. ಫಿಟ್ಸ್ ಹುಟ್ಟುವ ಜಾಗ ಉಳಿದ ಹೊತ್ತಿನಲ್ಲಿ ಸಾಮಾನ್ಯವಾಗಿ ಮಂಕಾಗಿರುತ್ತದೆ. ಎಂಆರ್‌ಐ ಮಿದುಳಿನ ಆಕಾರ ನೋಡುತ್ತದೆ, ಪೆಟ್, ಸ್ಪೆಕ್ಟ್ ಅದರ ಕೆಲಸ ನೋಡುತ್ತವೆ. ಆಕಾರ ಸರಿಯಿದ್ದೂ ಕೆಲಸ ಕೆಟ್ಟಿರಬಹುದಲ್ವಾ? ಆದರೆ ಮಂಕಾದ ಭಾಗ ಎಷ್ಟೋ ಸಲ ನಿಜವಾದ ಜಾಗಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಅದಕ್ಕೇ ಇದೊಂದನ್ನೇ ನೋಡಿ ಯಾರೂ ಆ ಜಾಗ ತೆಗೆಯುವ ಆಪರೇಷನ್‌ಗೆ ಹೊರಡುವುದಿಲ್ಲ.

 

ಇನ್ನು ವಿಕಿರಣ. ಇಲ್ಲವೇ ಇಲ್ಲ ಅಂದರೆ ಸುಳ್ಳಾಗುತ್ತದೆ. ಆದರೆ ಮಿದುಳಿನ ಒಂದು ಪೆಟ್ ಸ್ಕ್ಯಾನ್‌ನಿಂದ ತಾಕುವುದು, ಎಲ್ಲರಿಗೂ ನೆಲ, ಗಾಳಿ, ಆಕಾಶದಿಂದ ಒಂದೆರಡು ವರ್ಷದಲ್ಲಿ ತಾಕುವಷ್ಟು. ಫ್ಲೋರಿನ್-18 ಸುಮಾರು 110 ನಿಮಿಷಕ್ಕೊಮ್ಮೆ ಅರ್ಧಕ್ಕರ್ಧ ಇಳಿಯುತ್ತದೆ, ಟೆಕ್ನೀಷಿಯಂ 6 ಗಂಟೆಗೊಮ್ಮೆ. 1976ರಲ್ಲಿ ಮೊದಲ ಬಾರಿ ಮನುಷ್ಯರಿಗೆ ಈ ಗ್ಲೂಕೋಸ್ ಕೊಟ್ಟದ್ದು ಅಮೆರಿಕದ ಫಿಲಡೆಲ್ಫಿಯಾದಲ್ಲಿ. ತಯಾರಾದದ್ದು ನ್ಯೂಯಾರ್ಕ್ ರಾಜ್ಯದ ಬ್ರೂಕ್‌ಹೇವನ್ ಪ್ರಯೋಗಾಲಯದಲ್ಲಿ. ದಾರಿಯಲ್ಲೇ ಕರಗಿಹೋಗುತ್ತದೆ ಅಂತ ವಿಮಾನದಲ್ಲಿ ತಂದಿದ್ದರು!

ಫಿಟ್ಸ್ ಬರಲಿ ಅಂತ ಆಸ್ಪತ್ರೆಯಲ್ಲಿ ಮಾತ್ರೆ ಕಡಿಮೆ ಮಾಡಬಹುದು. ಅದು ಡಾಕ್ಟರ ಕಣ್ಣೆದುರು ಆಗುವ ಕೆಲಸ. ಮನೆಯಲ್ಲಿ ನೀವಾಗಿಯೇ ನಿಲ್ಲಿಸಬೇಡಿ. ಅವನ ಫಿಟ್ಸ್ ಹೇಗೆ ಶುರುವಾಗುತ್ತದೆ, ತುಟಿ ಚಪ್ಪರಿಸುತ್ತಾನೋ, ಸುಮ್ನೆ ಒಂದೇ ಕಡೆ ದಿಟ್ಟಿಸುತ್ತಾನೋ, ಅದನ್ನು ನರ್ಸ್‌ಗೆ ಮೊದಲೇ ಹೇಳಿಡಿ. ಜೊತೆಗೆ ಕೂತಿದ್ದಾಗ ಅದು ಕಂಡ ತಕ್ಷಣ ಕೂಗಿ ಕರೆಯಿರಿ. ಹತ್ತು ವರ್ಷ ನೋಡಿದ ಕಣ್ಣು ನಿಮ್ಮದು.