ಮಾತ್ರೆ ಬೇಡ ಅಂದಮೇಲೆ ತಪಾಸಣೆ ಯಾಕೆ?

ಪ್ರಶ್ನೆ: ನನಗೆ 34 ವರ್ಷ. ರಕ್ತದಾನಕ್ಕೆ ಹೋದಾಗ ಹೆಪಟೈಟಿಸ್ ಬಿ ಇದೆ ಎಂದು ಗೊತ್ತಾಯಿತು. ಎಂಟು ತಿಂಗಳ ಮೇಲೆ ಮಾಡಿಸಿದಾಗಲೂ ಪಾಸಿಟಿವ್. ಲಿವರ್‌ಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಎಎಲ್‌ಟಿ ರಕ್ತಪರೀಕ್ಷೆ ನಾರ್ಮಲ್, ವೈರಸ್ ಪ್ರಮಾಣ ತುಂಬಾ ಕಡಿಮೆ, ಸ್ಕ್ಯಾನಿಂಗ್ ಸರಿಯಿದೆ. ಡಾಕ್ಟರು ಮಾತ್ರೆ ಬೇಡ, ಆರು ತಿಂಗಳಿಗೊಮ್ಮೆ ಬನ್ನಿ ಎಂದರು. ನನಗೆ ಕಾಮಾಲೆ ಯಾವತ್ತೂ ಬಂದಿಲ್ಲ. ಮನೆಯವರು ನಾಟಿ ಔಷಧಿ ಕುಡಿ ಎನ್ನುತ್ತಿದ್ದಾರೆ. ಹೆಂಡತಿ ಐದು ತಿಂಗಳ ಗರ್ಭಿಣಿ. ಮುಂದೇನು?

ಉತ್ತರ: ನಿಮ್ಮ ಡಾಕ್ಟರು ಹೇಳಿದ್ದು ಸರಿ. ವೈರಸ್ ಆರು ತಿಂಗಳು ದಾಟಿ ಉಳಿದರೆ ಅದನ್ನು ದೀರ್ಘಕಾಲದ ಸೋಂಕು ಎನ್ನುತ್ತೇವೆ. ನಿಮ್ಮದು ಸದ್ಯಕ್ಕೆ ತಣ್ಣಗಿರುವ ಹಂತ. ಹೀಗಿರುವವರಲ್ಲಿ ಹೆಚ್ಚಿನವರು ಲಿವರ್ ತೊಂದರೆಯಿಲ್ಲದೆ ಬಾಳುತ್ತಾರೆ.

ಆದರೆ ಇದು ಬೂದಿ ಮುಚ್ಚಿದ ಕೆಂಡ. ವರ್ಷಗಟ್ಟಲೆ ಸುಮ್ನಿದ್ದು ಮತ್ತೆ ಕೆರಳಬಹುದು. ಆಗಲೂ ಹೆಚ್ಚಾಗಿ ನೋವಿರುವುದಿಲ್ಲ, ಕಾಮಾಲೆ ಇರುವುದಿಲ್ಲ. ರಕ್ತಪರೀಕ್ಷೆಯಲ್ಲಿ ಮಾತ್ರ ಎಎಲ್‌ಟಿ ಮತ್ತು ವೈರಸ್ ಪ್ರಮಾಣ ಏರಿರುತ್ತದೆ. ಅದನ್ನು ಹಾಗೇ ಬಿಟ್ಟರೆ ಲಿವರ್‌ನಲ್ಲಿ ಗಾಯದ ಕಲೆ ಕಟ್ಟುತ್ತಾ ಕೊನೆಗೆ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಲಸ ಕುಂಠಿತವಾಗುವುದು) ಆಗಬಹುದು. ಸಿರೋಸಿಸ್ ಆದ 100 ಜನರಲ್ಲಿ ವರ್ಷಕ್ಕೆ 2ರಿಂದ 5 ಮಂದಿಗೆ ಲಿವರ್ ಕ್ಯಾನ್ಸರ್ ಬರುತ್ತದೆ. ಹೆಪಟೈಟಿಸ್ ಬಿ ಇರುವ ಕೆಲವರಿಗೆ ಸಿರೋಸಿಸ್ ಇಲ್ಲದೆಯೂ ಬರುವುದುಂಟು. ಆರಾಮಾಗಿದ್ದೇನೆ ಅಲ್ವಾ ಎಂದು ತಪಾಸಣೆ ಬಿಟ್ಟು, ಹೊಟ್ಟೆಯಲ್ಲಿ ನೀರು ತುಂಬಿದ ಮೇಲೆ ಬರುವವರನ್ನು ನೋಡಿದಾಗ ನನಗೆ ತುಂಬಾ ಸಂಕಟವಾಗುತ್ತದೆ. ನೀವು ಮಾತ್ರ ಬಿಡಬೇಡಿ.

ಸೋಂಕು ಕೆರಳಿದರೆ ಟೆನೊಫೊವಿರ್ ಅಥವಾ ಎಂಟೆಕಾವಿರ್ ಇದೆ. ದಿನಕ್ಕೊಂದು ಮಾತ್ರೆ. ವೈರಸ್ ಪೂರ್ತಿ ಹೋಗುವುದು ಅಪರೂಪ, ಆದರೆ ಅದು ಅಡಗಿ ಕೂರುತ್ತದೆ, ಲಿವರ್ ಚೇತರಿಸಿಕೊಳ್ಳುತ್ತದೆ. ಶುರು ಮಾಡಿದ ಮಾತ್ರೆಯನ್ನು ನೀವಾಗಿ ನಿಲ್ಲಿಸುವಂತಿಲ್ಲ. ಹೆಪಟೈಟಿಸ್ ಸಿ ಕಥೆ ಬೇರೆ. ಅದು ಸಾಮಾನ್ಯವಾಗಿ 12 ವಾರದ ಮಾತ್ರೆಯಲ್ಲಿ 100ಕ್ಕೆ 95ಕ್ಕಿಂತ ಜಾಸ್ತಿ ಜನರಿಗೆ ಪೂರ್ತಿ ವಾಸಿಯಾಗುತ್ತದೆ. 2018ರಲ್ಲಿ ಶುರುವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಎರಡಕ್ಕೂ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಪರೀಕ್ಷೆ, ಔಷಧಿ ಉಚಿತ.

ನಾಟಿ ಔಷಧಿ ಬೇಡ. ಅದರಿಂದ ಕಾಮಾಲೆ ಹೋಯಿತು ಎನ್ನುವವರಿಗೆ ಹೆಚ್ಚಾಗಿ ಬಂದಿರುವುದು ಹೆಪಟೈಟಿಸ್ ಎ ಅಥವಾ ಇ. ಅವು ಸಾಮಾನ್ಯವಾಗಿ ತಾವಾಗಿಯೇ ವಾಸಿಯಾಗುತ್ತವೆ. ಕೆಲವು ಬೇರು, ಸೊಪ್ಪು ಲಿವರನ್ನೇ ಕೆಡಿಸುತ್ತವೆ. ಕುಡಿತವೂ ಬೇಡ. ಮುಂದೆ ಸ್ಟಿರಾಯ್ಡ್ ಅಥವಾ ಕೀಮೊ ಬೇಕಾದರೆ ಈ ಸೋಂಕಿನ ವಿಷಯ ಮೊದಲೇ ಹೇಳಿ, ಅವು ವೈರಸ್ಸನ್ನು ಎಬ್ಬಿಸಬಹುದು.

ಇದು ಎಲ್ಲಿಂದ ಬಂತು ಎಂದು ತಲೆ ಕೆಡಿಸಿಕೊಳ್ಳಬೇಡಿ. ದೊಡ್ಡವರಾದ ಮೇಲೆ ತಗುಲಿದರೆ 100ರಲ್ಲಿ 5ಕ್ಕೂ ಕಡಿಮೆ ಜನರಲ್ಲಿ ಉಳಿಯುತ್ತದೆ. ಹುಟ್ಟುವಾಗ ತಗುಲಿದರೆ ಸುಮಾರು 90 ಮಂದಿಯಲ್ಲಿ ಉಳಿಯುತ್ತದೆ. ಹಾಗಾಗಿ ನಿಮಗೂ ಎಳವೆಯಲ್ಲೇ ಬಂದಿರುವ ಸಾಧ್ಯತೆ ಜಾಸ್ತಿ. ನಿಮ್ಮ ತಾಯಿ, ಒಡಹುಟ್ಟಿದವರಿಗೂ ಪರೀಕ್ಷೆ ಮಾಡಿಸಿ. ಒಟ್ಟಿಗೆ ಉಂಡರೆ ಹರಡುವುದಿಲ್ಲ, ತಟ್ಟೆ ಬೇರೆ ಇಡಬೇಕಿಲ್ಲ. ರೇಜರ್, ಬ್ರಷ್ ಮಾತ್ರ ಬೇರೆ ಇರಲಿ.

ಹೆಂಡತಿಯ ಪರೀಕ್ಷೆ ಈ ವಾರವೇ ಆಗಲಿ. ನೆಗೆಟಿವ್ ಬಂದು ರಕ್ಷಣೆ ಇಲ್ಲದಿದ್ದರೆ ಲಸಿಕೆ ಹಾಕಿಸಿ, ಗರ್ಭಿಣಿಗೂ ಸುರಕ್ಷಿತ. ಲಸಿಕೆಯಿಂದ ರಕ್ಷಣೆ ಸಿಗುವವರೆಗೆ ಕಾಂಡೋಮ್ ಬಳಸಿ. ಪಾಸಿಟಿವ್ ಬಂದರೆ ವೈರಸ್ ಪ್ರಮಾಣ ನೋಡಿ ಕೊನೆಯ ತಿಂಗಳುಗಳಲ್ಲಿ ಟೆನೊಫೊವಿರ್ ಕೊಡುತ್ತಾರೆ, ಮಗುವಿಗೆ ಲಸಿಕೆ ಜೊತೆ ಇಮ್ಯುನೊಗ್ಲಾಬ್ಯುಲಿನ್ (ವೈರಸ್ಸನ್ನು ತಡೆಯುವ ಸಿದ್ಧ ಪ್ರತಿಕಾಯಗಳ) ಚುಚ್ಚುಮದ್ದೂ ಬೇಕು. ಫಲಿತಾಂಶ ಏನೇ ಬರಲಿ, ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ ಬೀಳಬೇಕು. ಹೆರಿಗೆ ವಾರ್ಡಿನಲ್ಲಿ ನೀವೇ ಕೇಳಿ ಹಾಕಿಸಿ.