ಎಫ್‌ಎನ್‌ಎಸಿ ರಿಪೋರ್ಟಲ್ಲಿ ಲಿಂಫೋಪ್ರೊಲಿಫರೇಟಿವ್ ಡಿಸಾರ್ಡರ್ ಅಂತ ಬಂದಿದೆ, ಅಪ್ಪಂಗೆ ಕ್ಯಾನ್ಸರಾ?

ಡೊಂಬಿವಲಿಯಿಂದ ಕೇಳಿದೀರ, ಅಪ್ಪನ ಕುತ್ತಿಗೇಲಿ ಗಂಟು, ಸೂಜಿ ಹಾಕಿ ನೋಡಿದ್ದಕ್ಕೆ ಈ ರಿಪೋರ್ಟ್, ಬಿಲ್ಡಿಂಗಿನವರು ಟಿಬಿನೇ ಇರ್ಬೇಕು ಮಾತ್ರೆ ಶುರು ಮಾಡಿ ಅಂತಿದಾರೆ ಅಂತ. ನಾನು ಡಾಕ್ಟರಲ್ಲ, ಮುಂಬೈನ ಪರೇಲ್ ಕಡೆ ಒಂದು ಲ್ಯಾಬಲ್ಲಿ ಹಿಸ್ಟೋಪೆಥಾಲಜಿ ಟೆಕ್ನಿಶಿಯನ್, ಅಂದ್ರೆ ಮೈಯಿಂದ ತೆಗೆದ ಗಂಟು, ಚೂರುಗಳನ್ನ ಮೈಕ್ರೋಸ್ಕೋಪಲ್ಲಿ ನೋಡೋಕೆ ರೆಡಿ ಮಾಡೋನು. ದಿನಾ ಇಂಥ ಗಂಟು ಕೈಗೆ ಬರ್ತವೆ, ಗೊತ್ತಿರೋಷ್ಟು ಹೇಳ್ತೀನಿ.

ಆ ಸಾಲು ಅರ್ಧ ಉತ್ತರ ಅಷ್ಟೆ. ಲಿಂಫೋಸೈಟ್ ಅನ್ನೋ ಬಿಳಿ ರಕ್ತಕಣ ಅಳತೆ ಮೀರಿ ಬೆಳೀತಿದೆ ಅಂತ ಕಾಣ್ತಿದೆ, ಯಾಕೆ ಯಾವ ಥರ ಅಂತ ಸೂಜೀಲಿ ಬಂದ ನಾಲ್ಕು ಹನಿ ನೋಡಿ ಹೇಳಕ್ಕಾಗಲ್ಲ ಅಂತ ಅದರ ಅರ್ಥ. ಈ ಗುಂಪಲ್ಲಿ ಏನೇನಿದೆ ನೋಡಿ: ಹೆಚ್ಚಾಗಿ ವಯಸ್ಸಾದವರಿಗೆ ಬರೋ ಸಿಎಲ್‌ಎಲ್ ಅನ್ನೋ ಒಂಥರ ಬ್ಲಡ್ ಕ್ಯಾನ್ಸರ್ ಇದೆ, ಅದರಲ್ಲಿ ಎಷ್ಟೋ ಜನಕ್ಕೆ ವರ್ಷಗಟ್ಟಲೆ ಔಷಧಿನೇ ಕೊಡಲ್ಲ, ಆಗಾಗ ಸಿಬಿಸಿ, ಅಂದ್ರೆ ರಕ್ತಕಣ ಎಣಿಸೋ ಟೆಸ್ಟ್, ಮಾಡಿಸ್ಕೊಂಡು ಕಾಯೋದೇ. ಅದೇ ಗುಂಪಲ್ಲಿ ಬರ್ಕಿಟ್ ಲಿಂಫೋಮಾ ಇದೆ (ಲಿಂಫೋಮಾ ಅಂದ್ರೆ ಈ ಲಿಂಫೋಸೈಟ್‌ಗಳ ಕ್ಯಾನ್ಸರ್), ಒಂದೆರಡು ದಿನಕ್ಕೆ ಡಬಲ್ ಆಗೋ ಅಂಥದ್ದು, ಅಡ್ಮಿಟ್ ಮಾಡಿ ಕೂಡ್ಲೇ ಕೀಮೋ. ಹಾಜ್‌ಕಿನ್ ಲಿಂಫೋಮಾ ಇದೆ, ಬಹಳಷ್ಟು ಜನ ಪೂರ್ತಿ ಗುಣ ಆಗ್ತಾರೆ. ಕ್ಯಾಸಲ್‌ಮನ್ ಅಂತ ಒಂದಿದೆ, ಅದನ್ನ ಕ್ಯಾನ್ಸರ್ ಅಂತಾನೇ ಅನ್ನಲ್ಲ, ಒಂದೇ ಕಡೆ ಗಂಟಿದ್ರೆ ತೆಗೆದ್ರೆ ಸಾಮಾನ್ಯವಾಗಿ ಮುಗೀತು. ಇನ್ನು ಕಿಡ್ನಿ ಬದಲಾಯಿಸ್ಕೊಂಡವರಿಗೆ ಬರೋ ಒಂದು ಥರ, ಅದರ ಹಿಂದೆ ಹೆಚ್ಚಾಗಿ ಎಪ್‌ಸ್ಟೈನ್-ಬಾರ್ ವೈರಸ್ ಇರುತ್ತೆ, ಈ ವೈರಸ್ಸನ್ನ 1964ರಲ್ಲಿ ಕಂಡುಹಿಡಿದಿದ್ದೂ ಬರ್ಕಿಟ್ ಗಡ್ಡೆಯ ಕಣಗಳಲ್ಲೇ. ನಮ್ಮ ನಿಮ್ಮ ಮೈಯಲ್ಲೂ ಅದು ಸುಮ್ನೆ ಮಲಗಿರೋ ಚಾನ್ಸೇ ಜಾಸ್ತಿ. ಕಿಡ್ನಿ ಬದಲಾಯಿಸ್ಕೊಂಡ ಅಂಥವರಿಗೆ ಡಾಕ್ಟ್ರು ಮೊದಲು ಇಮ್ಯುನಿಟಿ ಅದುಮೋ ಮಾತ್ರೆ ಕಡಿಮೆ ಮಾಡ್ತಾರೆ, ಕೆಲವರಿಗೆ ಅಷ್ಟಕ್ಕೇ ಗಂಟು ಕರಗುತ್ತೆ. ಹೀಗಿರುವಾಗ ಬರೀ ಆ ಸಾಲು ಗೂಗಲ್ ಮಾಡಿ ಎಷ್ಟು ವರ್ಷ ಬದುಕ್ತಾರೆ ಅಂತ ಹುಡುಕಿದ್ರೆ ಏನ್ ಸಿಗುತ್ತೆ ಹೇಳಿ.

ಬಿಲ್ಡಿಂಗಿನವರ ಮಾತು ಪೂರ್ತಿ ತಪ್ಪಲ್ಲ, ನಮ್ಮ ದೇಶದಲ್ಲಿ ಕುತ್ತಿಗೆ ಗಂಟಿಗೆ ಟಿಬಿ ದೊಡ್ಡ ಕಾರಣಾನೇ. ಆದ್ರೆ ಅಂದಾಜಲ್ಲಿ ಟಿಬಿ ಮಾತ್ರೆ ಶುರು ಮಾಡಿ ತಿಂಗಳುಗಟ್ಟಲೆ ಕಳೆದು ಆಮೇಲೆ ಬಯಾಪ್ಸಿಗೆ ಬರೋ ಕೇಸ್ ನೋಡಿ ನೋಡಿ ಸಾಕಾಗಿದೆ. ಅದಕ್ಕಿಂತ ಕೆಟ್ಟದ್ದು ಸ್ಟಿರಾಯ್ಡ್. ಗಂಟು ಒಂದು ವಾರಕ್ಕೆ ಇಳಿಯುತ್ತೆ, ಮನೆಯವರಿಗೆ ಖುಷಿ, ಆಮೇಲೆ ನಾವು ಕಟ್ ಮಾಡಿದ್ರೆ ಬರೀ ಸತ್ತ ಕಣ, ಪೆಥಾಲಜಿಸ್ಟ್ ಮೇಡಂ ತಲೆ ಚಚ್ಕೋಬೇಕು. ಬಯಾಪ್ಸಿ ಆಗೋವರ್ಗೂ ಸ್ಟಿರಾಯ್ಡ್ ಬೇಡ್ವಾ ಅಂತ ಡಾಕ್ಟ್ರನ್ನ ನೇರ ಕೇಳಿ.

ಈಗ ಮಾಡ್ಬೇಕಾದ್ದು ಬಯಾಪ್ಸಿ, ಸಾಧ್ಯ ಆದ್ರೆ ಇಡೀ ಗಂಟು ತೆಗೆಸೋ ಥರದ್ದು. ಗಂಟನ್ನ ಫಾರ್ಮಲಿನ್‌ಗೆ (ಕೆಡದ ಹಾಗೆ ಇಡೋ ದ್ರಾವಣ) ಹಾಕೋ ಮುಂಚೆನೇ ಒಂದು ಚೂರು ಸಲೈನಲ್ಲಿ ಎತ್ತಿಟ್ಟು ಟಿಬಿ ಕಲ್ಚರ್, ಜೀನ್‌ಎಕ್ಸ್‌ಪರ್ಟ್ ಅನ್ನೋ ಟಿಬಿ ಟೆಸ್ಟ್‌ಗಳಿಗೆ ಕಳ್ಸೋಕೆ ಹೇಳಿ, ಆಗ ಟಿಬಿನಾ ಲಿಂಫೋಮಾನಾ ಅನ್ನೋ ಎರಡೂ ಒಟ್ಟಿಗೆ ತೀರ್ಮಾನ ಆಗುತ್ತೆ. ಉಳಿದಿದ್ದು ನಮ್ಮ ಹತ್ರ ಬಂದು ಮೇಣದ ಬ್ಲಾಕ್ ಆಗುತ್ತೆ, ಅದರಿಂದ ಮೂರು ನಾಲ್ಕು ಮೈಕ್ರಾನ್ ತೆಳ್ಳಗೆ ಹೆರೆದು ಬಿಸಿನೀರಿನ ಮೇಲೆ ತೇಲಿಸಿ ಗಾಜಿಗೆ ಎತ್ಕೋತೀವಿ, ಆಮೇಲೆ ಐಎಚ್‌ಸಿ, ಅಂದ್ರೆ ಕಣದಲ್ಲಿರೋ ಒಂದೊಂದು ಪ್ರೋಟೀನನ್ನ ಬಣ್ಣದಲ್ಲಿ ತೋರಿಸೋ ಟೆಸ್ಟ್. ಸಿಡಿ20, ಸಿಡಿ3, ಕೆಐ-67 ಅಂಥ ಪ್ರೋಟೀನುಗಳ ಹೆಸರು, ಬಿ-ಸೆಲ್, ಟಿ-ಸೆಲ್ ಅನ್ನೋದು ಲಿಂಫೋಸೈಟಿನ ಎರಡು ಜಾತಿ. ಸಿಡಿ20 ಹಾಕಿದಾಗ ಕಣದ ಅಂಚೆಲ್ಲ ಕಂದು ಬಣ್ಣಕ್ಕೆ ತಿರುಗಿದ್ರೆ ಬಿ-ಸೆಲ್, ಸಿಡಿ3 ತಿರುಗಿದ್ರೆ ಟಿ-ಸೆಲ್, ಕೆಐ-67 ಎಷ್ಟು ಜೋರಾಗಿ ಬೆಳೀತಿದೆ ಅಂತ ತೋರಿಸುತ್ತೆ. ಇದಕ್ಕೆ ಒಂದು ವಾರ ಹತ್ತು ದಿನ ಹಿಡಿಯೋದು ಮಾಮೂಲಿ, ಗಾಬರಿ ಬೇಡ. ಸಿಡಿ20 ಬಂತು ಅಂದ್ರೆ ರಿಟಕ್ಸಿಮ್ಯಾಬ್ ಕೆಲಸಕ್ಕೆ ಬರುತ್ತೆ, 1997ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿದ ಔಷಧಿ, ಈಗ ನಮ್ಮಲ್ಲೇ ತಯಾರಾಗಿ ಕಡಿಮೆ ರೇಟಿಗೆ ಸಿಗುತ್ತೆ. ಅದಕ್ಕೂ ಬಗ್ಗದ ಕೆಲವು ಬಿ-ಸೆಲ್ ಕೇಸಿಗೆ ಐಐಟಿ ಬಾಂಬೆ, ಟಾಟಾ ಮೆಮೋರಿಯಲ್‌ನವರು ಸೇರಿ ಮಾಡಿದ ಕಾರ್-ಟಿ ಚಿಕಿತ್ಸೆಗೆ (ರೋಗಿಯದೇ ಟಿ-ಸೆಲ್ ತೆಗೆದು ಕ್ಯಾನ್ಸರ್ ಮೇಲೆ ಬೀಳೋ ಹಾಗೆ ಬದಲಾಯಿಸಿ ವಾಪಸ್ ಹಾಕೋದು) 2023ರಲ್ಲಿ ಅನುಮತಿ ಸಿಕ್ಕಿದೆ, ಆದ್ರೆ ಅದು ದೂರದ ಮಾತು, ಈಗ್ಲೇ ಅಲ್ಲಿಗೆ ಹೋಗ್ಬೇಡಿ.

ಸೆಕೆಂಡ್ ಒಪೀನಿಯನ್‌ಗೆ ಹೋಗೋದಾದ್ರೆ ಬರೀ ರಿಪೋರ್ಟ್ ಹಿಡ್ಕೊಂಡು ಹೋಗ್ಬೇಡಿ, ಸ್ಲೈಡೂ ಬ್ಲಾಕೂ ಲ್ಯಾಬಿಂದ ಸೈನ್ ಮಾಡಿ ಇಸ್ಕೊಳ್ಳಿ. ಬ್ಲಾಕಿನ ಮೇಲಿನ ನಂಬರೂ ರಿಪೋರ್ಟಿನ ನಂಬರೂ ಒಂದೇನಾ ಅಂತ ಕೌಂಟರಲ್ಲೇ ನೋಡ್ಕೊಳ್ಳಿ, ಮತ್ತೆ ಬಿಸಿಲಲ್ಲಿ ನಿಲ್ಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಮಾತ್ರ ಇಡ್ಬೇಡಿ, ಮೇಣ ಮೆತ್ತಗಾದ್ರೆ ಕಷ್ಟ.