ಜೂನ್‌ನಲ್ಲಿ ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಣಿವೆಯ ತಳದ ಕೊಲೊರಾಡೊ ನದಿವರೆಗೆ ಇಳಿದು ಅದೇ ದಿನ ಹತ್ತಿ ಬರಲು ಯಾವ ದಾರಿ ಒಳ್ಳೆಯದು: ಸೌತ್ ಕೈಬಾಬಾ, ಬ್ರೈಟ್ ಏಂಜೆಲ್ಲಾ?

ನಾನೂ ಜೂನ್‌ನಲ್ಲೇ ಹೋಗಿದ್ದೆ. ಸೌತ್ ಕೈಬಾಬ್‌ನಲ್ಲಿ ಇಳಿದು, ಬ್ರೈಟ್ ಏಂಜೆಲ್‌ನಲ್ಲಿ ಹತ್ತುವುದು ಅಂತ ಲೆಕ್ಕ. ಕುಮಾರ ಪರ್ವತ ಹತ್ತಿದವನಿಗೆ ಇದೇನು ಮಹಾ ಅನ್ನಿಸಿತ್ತು. ಆದರೆ ಅಲ್ಲಿ ಸುಸ್ತಾದರೆ ತಿರುಗಿ ಇಳಿದುಬಿಡಬಹುದು. ಇಲ್ಲಿ ಸುಸ್ತು ಗೊತ್ತಾಗುವ ಹೊತ್ತಿಗೆ ನೀವು ತಳದಲ್ಲಿರುತ್ತೀರಿ, ಸುಮಾರು 1,450 ಮೀಟರ್ ಕೆಳಗೆ. ಇಳಿದಷ್ಟೂ ಸೆಕೆ ಜಾಸ್ತಿ. ಬೇಸಿಗೆಯಲ್ಲಿ ತಳದ ನೆರಳಲ್ಲೂ 40 ಡಿಗ್ರಿ ದಾಟುತ್ತದೆ.

ನನ್ನನ್ನು ಕೆಡವಿದ್ದು ಮಾತ್ರ ಬಿಸಿಲಲ್ಲ, ನೀರು. ಕಡಿಮೆಯಾಗಿ ಅಲ್ಲ, ಜಾಸ್ತಿಯಾಗಿ! ಸೌತ್ ಕೈಬಾಬ್ ದಾರಿಯಲ್ಲಿ ಕುಡಿಯುವ ನೀರು ಎಲ್ಲೂ ಸಿಗುವುದಿಲ್ಲ ಅಂತ ಗೊತ್ತಿತ್ತು, ಹಾಗಾಗಿ ಸಾಕಷ್ಟು ಹೊತ್ತಿದ್ದೆ. ಕುಡಿಯುತ್ತಲೇ ಇದ್ದೆ. ಸೆಕೆಗೆ ಹಸಿವೇ ಇರಲಿಲ್ಲ, ಬ್ಯಾಗಿನಲ್ಲಿದ್ದ ನಿಪ್ಪಟ್ಟು ಮುಟ್ಟಲಿಲ್ಲ. ಬೆವರಿನಲ್ಲಿ ಉಪ್ಪು ಹೋಗುತ್ತಿದೆ, ಒಳಗೆ ಹೋಗುತ್ತಿರುವುದು ಬರೀ ನೀರು. ರಕ್ತದಲ್ಲಿ ಸೋಡಿಯಂ ಇಳಿಯಿತು. ತಲೆನೋವು, ವಾಕರಿಕೆ ಶುರುವಾಯಿತು. ನೀರು ಸಾಲದೇ ಹೀಗಾಗಿದೆ ಅಂದುಕೊಂಡು ಇನ್ನಷ್ಟು ಕುಡಿದೆ. ನೀರು ಕಡಿಮೆಯಾದರೂ ಉಪ್ಪು ಕಡಿಮೆಯಾದರೂ ಲಕ್ಷಣ ಹೆಚ್ಚುಕಡಿಮೆ ಒಂದೇ ಥರ, ಅದೇ ಅಪಾಯ. ಬ್ರೈಟ್ ಏಂಜೆಲ್ ದಾರಿಯ ನಡುವೆ ಸಿಗುವ ಹವಸುಪೈ ಗಾರ್ಡನ್ಸ್‌ನಲ್ಲಿ ಪಾರ್ಕ್‌ನ ಒಬ್ಬ ರೇಂಜರ್ ನೋಡಿ, ಬೆಳಗಿನಿಂದ ಏನು ತಿಂದಿರಿ ಅಂತ ಮೊದಲು ಕೇಳಿದರು. ನೀರು ನಿಲ್ಲಿಸಿ, ನೆರಳಲ್ಲಿ ಕೂರಿಸಿ, ಉಪ್ಪಿನ ತಿಂಡಿ ತಿನ್ನಿಸಿದರು. ಅಲ್ಲಿಂದ ಮೇಲಕ್ಕೆ ಇನ್ನೂ 7 ಕಿಲೋಮೀಟರ್ ಏರು. ಕತ್ತಲಾದ ಮೇಲೆ ಹತ್ತಿದೆ.

ಹಾಗಾಗಿ ಯಾವ ದಾರಿ ಅನ್ನುವ ಪ್ರಶ್ನೆಯೇ ಬೇಡ. ಜೂನ್‌ನಲ್ಲಿ ಒಂದೇ ದಿನಕ್ಕೆ ನದಿ ಬೇಡವೇ ಬೇಡ. ಪಾರ್ಕ್‌ನವರೂ ಬೋರ್ಡ್ ಹಾಕಿ ಇದನ್ನೇ ಹೇಳುತ್ತಾರೆ. ಸುಮ್ನೆ ಹೆದರಿಸಲು ಹಾಕಿದ ಬೋರ್ಡ್‌ಗಳಲ್ಲ ಅವು.

ಸೂರ್ಯ ಹುಟ್ಟುವ ಹೊತ್ತಿಗೆ ಸೌತ್ ಕೈಬಾಬ್‌ನಲ್ಲಿ ಸೀಡರ್ ರಿಡ್ಜ್‌ವರೆಗೆ ಹೋಗಿ ಬನ್ನಿ. ಇಳಿಯಲು 2.4 ಕಿಲೋಮೀಟರ್ ಅಷ್ಟೇ, ಆದರೆ ಕಣ್ಣೆದುರು ಇಡೀ ಕಣಿವೆ ತೆರೆದುಕೊಳ್ಳುತ್ತದೆ. ಹತ್ತಲು ಇಳಿದದ್ದರ ಎರಡು ಪಟ್ಟು ಸಮಯ ಇಟ್ಟುಕೊಳ್ಳಿ. ಬೆಳಿಗ್ಗೆ 10ರೊಳಗೆ ಮೇಲಿರಿ. ಹಸಿವಿಲ್ಲದಿದ್ದರೂ ಚಕ್ಲಿ, ಖಾರದ ಕಡಲೆಬೀಜ ಏನಾದರೂ ತಿನ್ನುತ್ತಿರಿ. ನದಿ ಕಾಣಬೇಕು ಅಷ್ಟೇ ಅಲ್ವಾ? ಕಣಿವೆಯ ಅಂಚಿನಲ್ಲಿರುವ ಡೆಸರ್ಟ್ ವ್ಯೂಗೆ ಕಾರಿನಲ್ಲಿ ಹೋದರೂ ಕಾಣುತ್ತದೆ. ನದಿಯನ್ನು ಮುಟ್ಟಲೇಬೇಕು ಅಂದರೆ ಪ್ರವಾಸವನ್ನು ಅಕ್ಟೋಬರ್‌ಗೆ ಹಾಕಿಕೊಂಡು ಕೆಳಗೆ ಒಂದು ರಾತ್ರಿ ತಂಗಿ. ಕ್ಯಾಂಪ್ ಮಾಡಲು ಪರ್ಮಿಟ್ ಬೇಕು, ಅದಕ್ಕೆ ತಿಂಗಳುಗಳ ಮೊದಲೇ ಅರ್ಜಿ ಹಾಕಿ.